ಹಿನ್ನೀರಿನ ಮೀನು ಸಂರಕ್ಷಣಾ ಸಮಿತಿಯಲ್ಲಿ ಹೆಣ್ಣುಮಕ್ಕಳ ಪಾಲು: ನಿಯಮ ಹೇಗೆ ಬರೆಯಬೇಕು? ಕಡಲ ಕಡೆ ಏನು ಮಾಡಿದ್ದಾರೆ?

ಹಿನ್ನೀರು, ಕೊಪ್ಪಳ

ತುಂಗಭದ್ರಾ ಜಲಾಶಯದ ಕೊಪ್ಪಳ ಬದಿಯ ಹಿನ್ನೀರಿನ ಒಂದು ಊರಲ್ಲಿ ಮೀನುಗಾರರ ಸಹಕಾರ ಸಂಘದ ಕೈಕೆಳಗೆ ಸಂರಕ್ಷಣಾ ಸಮಿತಿ ಮಾಡಲು ಕರಡು ನಿಯಮ ಬರೆಯಲಾಗುತ್ತಿದೆ. ಕೆಲಸ ಎರಡು. ಹೊಸ ನೀರು ಬಂದಾಗಿನಿಂದ ಎರಡು ತಿಂಗಳು ಒಂದು ಮೂಲೆಯಲ್ಲಿ ಯಾರೂ ಮೀನು ಹಿಡಿಯಬಾರದು. ಸಣ್ಣ ಕಣ್ಣಿನ ಅಲವಿ ಬಲೆ (ಎಳೆದು ಹಿಡಿಯುವ ದೊಡ್ಡ ಬಲೆ) ವರ್ಷವಿಡೀ ಬೇಡ. ಇಷ್ಟಕ್ಕೆ ಯಾರದೂ ತಕರಾರಿಲ್ಲ.

ತಕರಾರು ಇರುವುದು ಸಮಿತಿಯಲ್ಲಿ ಕೂರುವವರ ಬಗ್ಗೆ. 11 ಜನರ ಸಮಿತಿ, ಅದರಲ್ಲಿ ಇಬ್ಬರು ಮಹಿಳೆಯರು. ಆ ಇಬ್ಬರ ಹೆಸರೂ ಈಗಾಗಲೇ ಬರೆದಾಗಿದೆ, ಇಬ್ಬರೂ ನಿರ್ದೇಶಕರ ಮನೆಯವರು. ಹರಿಗೋಲಿನಲ್ಲಿ ಹುಟ್ಟು ಹಾಕುವವರು, ದಂಡೆಯಲ್ಲಿ ಬಲೆಯಿಂದ ಮೀನು ಬಿಡಿಸುವವರು, ಬುಟ್ಟಿ ಹೊತ್ತು ಕೊಪ್ಪಳ, ಗಂಗಾವತಿ ಸಂತೆಗೆ ಹೋಗುವವರು, ತೆಳು ನೀರಿನಲ್ಲಿ ಹಳೆ ಸೀರೆ ಹಿಡಿದು ಸೀಗಡಿ, ಸಣ್ಣ ಮೀನು ಎತ್ತಿ ಒಣಗಿಸುವವರು ಒಬ್ಬರೂ ಪಟ್ಟಿಯಲ್ಲಿಲ್ಲ. ಸದಸ್ಯತ್ವ ಪರವಾನಗಿ ಇದ್ದವರಿಗೆ ಮಾತ್ರ, ಪರವಾನಗಿ ಇರುವುದು ಗಂಡಸರ ಹೆಸರಿನಲ್ಲಿ. ಇನ್ನೂ ಕಷ್ಟದ ಮಾತೆಂದರೆ, ಮುಚ್ಚಬೇಕು ಅಂತ ಗುರುತು ಮಾಡಿದ ಮೂಲೆ ಅದೇ ತೆಳು ನೀರು. ಆಳದ ನೀರಿನಲ್ಲಿ ಬಲೆ ಬಿಡುವವರಿಗೆ ಏನೂ ನಷ್ಟವಿಲ್ಲ, ಅಂಚಿನಲ್ಲಿ ಹಿಡಿಯುವವರಿಗೆ ಎರಡು ತಿಂಗಳ ಸಂಪಾದನೆ ಹೋಗುತ್ತದೆ.

ಸಮುದ್ರ ಸಂರಕ್ಷಣೆಯಲ್ಲಿ ಈ ವಿಷಯದ ಮೇಲೆ ಬಹಳ ಕೆಲಸ ನಡೆದಿದೆ ಅಂತ ಕೇಳಿದ್ದೇವೆ. ಅದರಲ್ಲಿ ಜಲಾಶಯಕ್ಕೆ ಹೊಂದುವುದು ಯಾವುದು, ಹೊಂದದ್ದು ಯಾವುದು? ಬೈಲಾದಲ್ಲಿ ಏನು ಬರೆದರೆ ನಿಲ್ಲುತ್ತದೆ? ಸಭೆ, ಲೆಕ್ಕ, ಮುಚ್ಚಿದ ತಿಂಗಳ ದುಡ್ಡು ಇವುಗಳ ಬಗ್ಗೆ ಗೊತ್ತಿದ್ದವರು ಬಿಡಿಸಿ ಹೇಳಿ.

ಕಡಲಂಚು, ಕಾರವಾರ

ನಿಮ್ಮ ಕರಡಿನಲ್ಲಿರುವ ತಪ್ಪು ಕಡಲಲ್ಲೂ ಪದೇ ಪದೇ ಆಗಿದೆ. ಮೀನುಗಾರ ಅಂದರೆ ದೋಣಿ ಇದ್ದವನು ಅಂತ ಮೊದಲು ಎಣಿಸುತ್ತಾರೆ. ಆ ಪಟ್ಟಿಯಿಂದಲೇ ಸಮಿತಿ ಮಾಡುತ್ತಾರೆ. ಆ ಸಮಿತಿ ದೋಣಿಗೆ ಬೇಡವಾದ ನೀರನ್ನು, ಅಂದರೆ ನಡೆದು ಹೋಗಿ ಹಿಡಿಯುವ ನೀರನ್ನು ಮುಚ್ಚುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಎಣಿಕೆಯಲ್ಲಿಯೇ ತಪ್ಪಾಗಿರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಒಪ್ಪಿದ ಸಣ್ಣ ಪ್ರಮಾಣದ ಮೀನುಗಾರಿಕೆಯ ಮಾರ್ಗಸೂಚಿ ಇದನ್ನು ಸರಿಪಡಿಸಲು ನೋಡಿತು. ಹಿಡಿಯುವುದಕ್ಕೆ ಮುಂಚಿನ ಕೆಲಸ, ಹಿಡಿಯುವುದು, ಹಿಡಿದ ಮೇಲಿನ ಕೆಲಸ ಮೂರೂ ಮೀನುಗಾರಿಕೆಯೇ ಅಂತ ಅದು ಹೇಳುತ್ತದೆ. ಹಾಗೆ ಎಣಿಸಿದ 2023ರ ಜಾಗತಿಕ ವರದಿಯಲ್ಲಿ ಈ ವಲಯದ ಪ್ರತಿ 10 ಜನರಲ್ಲಿ 4 ಮಂದಿ ಹೆಂಗಸರು. ಆ ಎಣಿಕೆಯಲ್ಲಿ ಕಡಲಷ್ಟೇ ಅಲ್ಲ, ಕೆರೆ, ಹೊಳೆ, ಜಲಾಶಯವೂ ಸೇರಿದೆ. ನಿಮ್ಮ ಸಭೆಯಲ್ಲಿ ಇದನ್ನು ಹೇಳಬಹುದು.

ನಿಮಗೆ ತೀರಾ ಹತ್ತಿರದ ಉದಾಹರಣೆ ಮನ್ನಾರ್ ಕೊಲ್ಲಿ. ರಾಮೇಶ್ವರದಿಂದ ತೂತ್ತುಕುಡಿಯವರೆಗಿನ 21 ದ್ವೀಪಗಳನ್ನು ಸೇರಿಸಿ 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಘೋಷಿಸಿದರು. ಆ ದ್ವೀಪಗಳ ಸುತ್ತಲಿನ ತೆಳು ನೀರಿನಲ್ಲಿ ಮುಳುಗಿ ಕಡಲ ಪಾಚಿ ಕೀಳುತ್ತಿದ್ದವರು ರಾಮನಾಥಪುರ ಜಿಲ್ಲೆಯ ಹೆಣ್ಣುಮಕ್ಕಳು. ಆ ಪಾಚಿಯಿಂದ ಆಹಾರ, ಔಷಧಿಯಲ್ಲಿ ಬಳಸುವ ಅಗರ್, ಆಲ್ಜಿನೇಟ್ ಎಂಬ ಅಂಟುಗಳು ತಯಾರಾಗುತ್ತವೆ. ಗಡಿ ಗಟ್ಟಿಯಾದ ಮೇಲೆ ಅವರು ಅತಿಕ್ರಮಣದವರಾದರು. ಆಮೇಲೆ ಅವರು ಸಂಘ ಕಟ್ಟಿಕೊಂಡು ತಮ್ಮ ನಿಯಮ ತಾವೇ ಮಾಡಿದರು: ತಿಂಗಳಿಗೆ 12 ದಿನ ಮಾತ್ರ ಕೀಳುವುದು, ಅದೂ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು. ಹವಳಕ್ಕೆ ಪೆಟ್ಟಾಗದಂತೆ ಕೆರೆಯುವ ಲೋಹದ ಸಾಮಾನು ಬಿಟ್ಟು ಕೈಯಲ್ಲೇ ಕೀಳುವುದು. ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ತಾವೂ ನಿಲ್ಲಿಸುವುದು. ಪಾಂಬನ್ ದ್ವೀಪದ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ದ್ವೀಪಗಳ ಸಂರಕ್ಷಣೆಗೆ ಕೊಡುವ ಸೀಕಾಲಜಿ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ನಿಮ್ಮ ಊರಿಗೆ ಬೇಕಾದ ಪಾಠ ಇಲ್ಲಿದೆ. ಮುಚ್ಚಬೇಡಿ ಅಂತ ಅವರು ಕೂರಲಿಲ್ಲ. ಎಷ್ಟು ದಿನ, ಯಾವ ಸಾಮಾನು, ಯಾವ ಕಾಲ ಅಂತ ತಾವೇ ಹೇಳಿದರು. ಕೆಲಸ ಗೊತ್ತಿರುವವರು ಬರೆದ ನಿಯಮ ಕಾಯಲೂ ಸುಲಭ.

ಇನ್ನೊಂದು ಮಡಗಾಸ್ಕರಿನ ನೈಋತ್ಯ ಕರಾವಳಿಯದು. ಅಂಡವಡೋಕ ಎಂಬ ಊರಿನ ಹತ್ತಿರ 2004ರಲ್ಲಿ ಅಷ್ಟಪದಿ (ಆಕ್ಟೋಪಸ್) ಹಿಡಿಯುವ ಬಂಡೆಯಂಚನ್ನು ಕೆಲ ತಿಂಗಳು ಮುಚ್ಚಿದರು. ಅಷ್ಟಪದಿ ಬಹಳ ಬೇಗ ತೂಕ ಕಟ್ಟುತ್ತದೆ, ಹಾಗಾಗಿ ಸಣ್ಣ ಅವಧಿ ಮುಚ್ಚಿದರೂ ಲಾಭ ಕಾಣುತ್ತದೆ. ಇಳಿತದಲ್ಲಿ ನಡೆದು ಹೋಗಿ ಕೋಲಿನಿಂದ ಹಿಡಿಯುವವರಲ್ಲಿ ಹೆಂಗಸರು ಬಹಳ. ಇಲ್ಲಿ ಗಮನಿಸಬೇಕಾದ್ದು ಮತ್ತೆ ತೆರೆಯುವ ದಿನ. ಎರಡು ತಿಂಗಳು ಕಾದವರು ಒಬ್ಬರು, ಮೊದಲ ದಿನ ದೋಣಿಯಲ್ಲಿ ಬಂದು ಬಾಚಿಕೊಳ್ಳುವವರು ಇನ್ನೊಬ್ಬರು ಆಗುವ ಅಪಾಯ ಇಂಥ ಪ್ರತಿ ಕಡೆಯೂ ಇದೆ. ನಿಮ್ಮ ಕರಡಿನಲ್ಲಿ ಮುಚ್ಚುವ ತಾರೀಖು ಇರಬೇಕು, ತೆರೆಯುವ ಕ್ರಮ ಇದ್ದಂತಿಲ್ಲ. ಮೊದಲ ಒಂದು ವಾರ ಅಂಚಿನ ನೀರು ನಡೆದು ಹಿಡಿಯುವವರಿಗೆ ಮಾತ್ರ, ಹರಿಗೋಲು ಅಲ್ಲಿಗೆ ಬರುವಂತಿಲ್ಲ ಅಂತ ಒಂದು ಸಾಲು ಸೇರಿಸಿ.

ದಕ್ಷಿಣ ಕೊರಿಯಾದ ಜೇಜು ದ್ವೀಪದ ಹೆನ್ಯೊ ಹೆಂಗಸರು ಸಿಲಿಂಡರ್ ಇಲ್ಲದೆ ಉಸಿರು ಹಿಡಿದು ಮುಳುಗಿ ಚಿಪ್ಪುಜೀವಿ ತೆಗೆಯುತ್ತಾರೆ. ಯುನೆಸ್ಕೊ 2016ರಲ್ಲಿ ಅವರ ಪದ್ಧತಿಯನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಯಾವ ದಿನ ಇಳಿಯಬೇಕು, ಎಷ್ಟು ಹೊತ್ತು, ಯಾವ ಗಾತ್ರ ಬಿಡಬೇಕು ಅನ್ನುವುದು ಊರ ಮೀನುಗಾರಿಕಾ ಸಂಘದಲ್ಲಿ ತೀರ್ಮಾನವಾಗುತ್ತದೆ, ಮುಳುಗುವವರು ಅದರ ಸದಸ್ಯರು. ಹತ್ತಿರದಲ್ಲಿ ನೋಡಬೇಕಾದರೆ ಕುಮಟಾದ ಅಘನಾಶಿನಿ ಅಳಿವೆಗೆ ಬನ್ನಿ. 2024ರಲ್ಲಿ ಅದು ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಲ್ಲಿ ಬಳಚು (ಚಿಪ್ಪುಜೀವಿ) ಆಯುವ ಹೆಂಗಸರು ಯಾವ ದಿಬ್ಬದಲ್ಲಿ ಮರಿ ಇದೆ, ಯಾವುದರಲ್ಲಿ ಬೆಳೆದದ್ದಿದೆ ಅನ್ನುವುದನ್ನು ಕಾಲಿನಲ್ಲೇ ಹೇಳುತ್ತಾರೆ.

ಹೊಂದದ್ದು ಒಂದಿದೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಖ್ಯವಾಗಿ ಯಾಂತ್ರೀಕೃತ ದೋಣಿಗಳಿಗೆ. ಸಣ್ಣ ನಾಡದೋಣಿಗೆ ವಿನಾಯಿತಿ ಇದೆ. ನಿಮ್ಮ ಕರಡು ಅದಕ್ಕೆ ಉಲ್ಟಾ, ದೊಡ್ಡ ಬಲೆಗೆ ಆಳದ ನೀರು ಬಿಟ್ಟು ಸಣ್ಣವರ ಅಂಚು ಮುಚ್ಚುತ್ತಿದೆ.

ಸಹಕಾರಿ, ರಾಯಚೂರು

ಕಡಲಂಚು ಅಣ್ಣಾರು ಹೇಳಿದ್ದು ಖರೇ. ನಾ ಬೈಲಾದ ಮಾತು ಅಷ್ಟ ಹೇಳ್ತೀನ್ರಿ, ಯಾಕಂದ್ರ ಅಲ್ಲಿ ತಪ್ಪಿದ್ರ ಮುಂದಿಂದೆಲ್ಲಾ ತಪ್ಪತೈತಿ.

ಸೀಟಿನ ಸಲುವಾಗಿ ಮೊದ್ಲ ಜಗಳ ತೆಗೀಬ್ಯಾಡ್ರಿ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರಾಗ ಆಡಳಿತ ಮಂಡಳಿಗೆ ಇಬ್ಬರು ಹೆಣ್ಮಕ್ಕಳ ಮೀಸಲಾತಿ ಮೊದ್ಲ ಐತಿ. ಅದು ಇದ್ದೂ ಹಿಂಗ್ಯಾಕ ಆತು? ಸದಸ್ಯರ ಪಟ್ಟಿಯೊಳಗ ಹೆಣ್ಮಕ್ಕಳ ಇಲ್ದಾಗ, ಆ ಇಬ್ಬರು ಎಲ್ಲಿಂದ ಬರ್ತಾರ? ಯಾರರ ನಿರ್ದೇಶಕರ ಮನ್ಯಾಗಿಂದ. ಬಾಗಲಾ ಸದಸ್ಯತ್ವದ್ದು, ಅದನ್ನ ತೆರೀರಿ.

ಬೈಲಾದಾಗ ಸದಸ್ಯತ್ವದ ಕಲಂ ನೋಡ್ರಿ. ಸಾಮಾನ್ಯವಾಗಿ ಮೂರು ಕಡೆ ಗಂಟು ಇರ್ತೈತಿ. ಒಂದು, ಪರವಾನಗಿ ಇಲ್ಲಾ ಬಲೆ, ಹರಿಗೋಲು ಸ್ವಂತ ಇರ್ಬೇಕು ಅನ್ನೂದು. ಎರಡನೇದು, ಮನಿಗೆ ಒಬ್ಬರ ಅನ್ನೂದು. ಇದು ಬೈಲಾದಾಗ ಬರದಿರಂಗಿಲ್ಲ, ರೂಢಿಯೊಳಗ ಇರ್ತೈತಿ, ಕಾರ್ಯದರ್ಶಿ ಅರ್ಜಿ ತಗೊಳ್ಳಾಕ ಒಲ್ಲೆ ಅಂತಾರ. ಮೂರನೇದು ಕಸುಬಿನ ವ್ಯಾಖ್ಯೆ, "ಮೀನು ಹಿಡಿಯುವುದನ್ನು ಮುಖ್ಯ ಕಸುಬಾಗಿ ಉಳ್ಳವರು" ಅಂತ. ಈ ಮೂರನೇದನ್ನ ತಿದ್ದಿದ್ರ ಬಾಕಿ ಎರಡೂ ಸಡಲ ಆಗ್ತಾವ. "ಮೀನು ಹಿಡಿಯುವುದು, ಬಲೆ ಹೆಣೆಯುವುದು ಮತ್ತು ದುರಸ್ತಿ, ಮೀನು ಆಯುವುದು, ಒಣಗಿಸುವುದು, ಮಾರುವುದು ಇವುಗಳಲ್ಲಿ ಯಾವುದಾದರೂ ಒಂದನ್ನು ಕಸುಬಾಗಿ ಮಾಡುವ, 18 ವರ್ಷ ತುಂಬಿದ ಯಾರೇ ಆಗಲಿ" ಅಂತ ಬರೀರಿ. ಸರ್ವಸದಸ್ಯರ ಸಭೆಯೊಳಗ ಪಾಸ್ ಮಾಡ್ಸಿ, ಸಹಕಾರ ಇಲಾಖೆಯೊಳಗ ತಿದ್ದುಪಡಿ ನೋಂದಣಿ ಆಗಬೇಕು. ಅಲ್ಲೀತನಾ ಅದು ಬರೇ ಹಾಳಿ.

ಬಹಳ ಮಂದಿ ಎಡವೂದು ಇಲ್ಲಿ: ಸದಸ್ಯರಾದ್ರ ಸಾಲಂಗಿಲ್ಲ. ಮತದ ಹಕ್ಕಿಗೆ ಸಭೆ ಹಾಜರಿ, ಸಂಘದ ಕೂಡ ಕನಿಷ್ಠ ವ್ಯವಹಾರ ಅಂತ ಷರತ್ತು ಇರ್ತಾವ. ಹೆಂಡ್ತಿ ಹಿಡಿದ, ಒಣಗಿಸಿದ ಮೀನಾ ಗಂಡನ ಖಾತೆಗೆ ಬರದ್ರ, ಆಕಿ ವ್ಯವಹಾರ ಸೊನ್ನಿ. ಚುನಾವಣೆ ಹೊತ್ತಿಗೆ ಅನರ್ಹರ ಪಟ್ಟಿಯೊಳಗ ಆಕಿ ಹೆಸರು. ಹಂಗಾಗಿ ಮೊದಲ ದಿನದಿಂದ ಆಕಿ ಹೆಸರಿಗೆ ಬ್ಯಾರೆ ಪಾಸ್‌ಬುಕ್, ಆಕಿ ಮಾಲಿಗೆ ಬ್ಯಾರೆ ರಸೀದಿ. ಐದು ಕೆ.ಜಿ ಒಣ ಮೀನು ಇದ್ರೂ ರಸೀದಿ ಹರೀರಿ.

ಕೋರಂ, ಅಂದ್ರ ಸಭೆಗೆ ಬೇಕಾದ ಕನಿಷ್ಠ ಹಾಜರಿ ಬಗ್ಗೆ. 11ರಾಗ ಇಬ್ಬರು ಅಂದ್ರ ಒಬ್ಬಾಕಿ ಸಂತಿಗೆ ಹೋದ್ರ ಒಬ್ಬಾಕಿ ಉಳಿತಾಳ, ಆಕಿ ಬಾಯಿ ತೆರಿಯಂಗಿಲ್ಲ. ಗುಜರಾತ್, ನೇಪಾಳದ ಊರ ಅರಣ್ಯ ಸಮಿತಿಗಳ ಅಧ್ಯಯನದಾಗ ಹೆಣ್ಮಕ್ಕಳ ಪಾಲು ಕಾಲುಭಾಗದಿಂದ ಮೂರರಾಗ ಒಂದು ಭಾಗ ಮುಟ್ಟಿದ ಮ್ಯಾಲೆ ಮಾತಾಡೂದು, ಪದಾಧಿಕಾರಿ ಆಗೂದು ಹೆಚ್ಚಾದ್ದು ಕಂಡೈತಿ. ಹಂಗಂದ್ರ 11ಕ್ಕ 4. ಇನ್ನೊಂದು ಸಾಲು ಬರೀರಿ: "ಮಹಿಳಾ ಸದಸ್ಯರಲ್ಲಿ ಅರ್ಧದಷ್ಟು ಹಾಜರಿಲ್ಲದಿದ್ದರೆ ಸಭೆ ನಡೆದಂತಲ್ಲ." ಈ ಸಾಲು ಇಲ್ಲಂದ್ರ ನಡಾವಳಿ ಪುಸ್ತಕ ತಿರುವಿ ನೋಡ್ರಿ, ಎಲ್ಲಾ ಕಡೆ ಹಿಂಗ ಇರ್ತೈತಿ: ಠರಾವು ಮುಗಿದು, ಅಧ್ಯಕ್ಷರ ಸಹಿ ಆಗಿ, ಕೆಳಗ ಉಳಿದ ಎರಡು ಬೆರಳ ಜಾಗದಾಗ ಬ್ಯಾರೆ ಮಸಿಯೊಳಗ ಎರಡು ಹೆಬ್ಬಟ್ಟು. ಮನಿಗೆ ಪುಸ್ತಕ ಕಳಿಸಿ ಒತ್ತಿಸಿಕೊಂಡಿದ್ದು ಅಂತ ನೋಡಿದ ಕೂಡ್ಲೆ ತಿಳೀತೈತಿ. ಹಾಜರಿ ಸಹಿ ಸಭೆಯ ಶುರುವಿಗೆ, ಬ್ಯಾರೆ ಪುಟದಾಗ ತಗೋಬೇಕು. ಯಾರು ಏನಂದ್ರು ಅನ್ನೂದನ್ನ ಹೆಸರು ಹಾಕಿ ಬರೀಬೇಕು, ಬ್ಯಾಡ ಅಂದದ್ದನ್ನೂ ಬರೀಬೇಕು.

ಇನ್ನ ಸಂಘದವರು ಬೈಲಾ ತಿದ್ದಾಕ ಒಪ್ಪಂಗಿಲ್ಲ ಅಂದ್ರ? ಇನ್ನೊಂದು ಹಾದಿ ಐತ್ರಿ. ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆಯ ಅಡಿ 2004ರಾಗ ಬಂದಿದ್ದ ನಿಯಮದಾಗ ಅಧ್ಯಕ್ಷರನ್ನ ಬಿಟ್ಟು ಆರು ಜನ ತನಕ, ಅದರಾಗ ಮೂರನೇ ಒಂದು ಭಾಗಕ್ಕ ಕಡಿಮಿ ಇಲ್ದಂಗ ಹೆಣ್ಮಕ್ಕಳು, ನೂರಕ್ಕ 18ಕ್ಕ ಕಡಿಮಿ ಇಲ್ದಂಗ ಪರಿಶಿಷ್ಟ ಜಾತಿ, ಪಂಗಡದವರು ಅಂತ ಇತ್ತು; 2024ರಾಗ ಆ ನಿಯಮ ಬದಲಾಗೈತಿ, ಹಂಗಾಗಿ ಈಗಿನ ಸಂಖ್ಯೆ ಪಂಚಾಯ್ತಿಯೊಳಗ ಕೇಳ್ರಿ. ಊರಿನ ಜನತಾ ಜೀವವೈವಿಧ್ಯ ದಾಖಲೆ ಪುಸ್ತಕದಾಗ ಹಿನ್ನೀರಿನ ಮೀನು, ಮರಿ ಬೆಳೆಯೋ ಜಾಗಾ, ಯಾರು ಎಲ್ಲಿ ಹಿಡೀತಾರ ಅನ್ನೂದು ಏರಿದ್ರ ಸರಕಾರಿ ಕಾಗದದಾಗ ಆ ಹೆಣ್ಮಕ್ಕಳ ಜಾಗಾ ಉಳಿದಂಗ. ಮಹಿಳಾ ಗ್ರಾಮಸಭೆಯೊಳಗ ಠರಾವು ಮಾಡ್ಸಿ ಅಲ್ಲಿಂದ ಕಳಿಸ್ರಿ.

ಡ್ಯಾಮಿನ ಕೆಳಗಿನವರು ಯಾರರ ಓದಾಕತ್ತಿದ್ರ ಒಂದು ಮಾತು. ಡ್ಯಾಮಿನಿಂದ ಕಂಪ್ಲಿ ತನಕದ ಹೊಳಿ 2015ರಾಗ ನೀರುನಾಯಿ ಸಂರಕ್ಷಣಾ ಮೀಸಲು ಆಗೈತಿ. 1972ರ ವನ್ಯಜೀವಿ ಕಾಯ್ದೆಯೊಳಗ ಅಂಥಾ ಮೀಸಲಿನ ಸಮಿತಿಗೆ ಅರಣ್ಯ ಇಲಾಖೆಯವರು, ಪ್ರತಿ ಪಂಚಾಯ್ತಿಗೆ ಒಬ್ಬರು, ಮೂರು ಸ್ವಯಂಸೇವಾ ಸಂಸ್ಥೆ, ಕೃಷಿ ಮತ್ತ ಪಶುಸಂಗೋಪನಾ ಇಲಾಖೆಯವರು ಅಂತ ಐತಿ. ಮೀನುಗಾರರೂ ಇಲ್ಲ, ಹೆಣ್ಮಕ್ಕಳ ಪಾಲೂ ಇಲ್ಲ. ಆದ್ರ ನಮ್ಮ ರಾಜ್ಯದಾಗ ಪಂಚಾಯ್ತಿ ಸೀಟು ಅರ್ಧ ಹೆಣ್ಮಕ್ಕಳದಾವ. ಪಂಚಾಯ್ತಿಯ ಪ್ರತಿನಿಧಿ ಅಂತ ಮೀನುಗಾರ ಮನೆತನದ ಸದಸ್ಯಾಕಿಯನ್ನ ಠರಾವು ಮಾಡಿ ಕಳಿಸಾಕ ಏನೂ ಅಡ್ಡಿ ಇಲ್ಲ.

ಅಳತೆ, ಬಳ್ಳಾರಿ

ಮುಚ್ಚುವ ಜಾಗದ ಗಡಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಕಡಲಿನ ಮಾದರಿಯನ್ನು ಹಾಗೇ ತಂದರೆ ಕೆಡುವುದು ಇಲ್ಲಿ.

ಕಡಲಲ್ಲಿ ನಾಲ್ಕು ಜಿಪಿಎಸ್ ಬಿಂದು ಹಾಕಿದರೆ ಗಡಿ ಆಯಿತು. ಉಬ್ಬರ ಇಳಿತ ಎಷ್ಟೇ ಆದರೂ ಅದೇ ಜಾಗದಲ್ಲಿ ನೀರು ಮತ್ತೆ ಬರುತ್ತದೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ, ತುಂಬಿದಾಗ ಹರಡುವುದು ಸುಮಾರು 378 ಚದರ ಕಿ.ಮೀ. ಬೇಸಿಗೆಗೆ ನೀರು ಹಿಂದೆ ಸರಿದಾಗ ಅದೇ ದಂಡೆ ಕಿಲೋಮೀಟರುಗಟ್ಟಲೆ ಒಳಗೆ ಹೋಗಿರುತ್ತದೆ. ಕೊಪ್ಪಳ ಬದಿಯ ಇಳಿಜಾರು ಸಪಾಟಾಗಿರುವ ಕಡೆ ಒಂದಡಿ ಮಟ್ಟ ಇಳಿದರೂ ನೀರಿನಂಚು ಬಹಳ ದೂರ ಸರಿಯುತ್ತದೆ. ಸೆಪ್ಟೆಂಬರಿನಲ್ಲಿ ಗುರುತು ಹಾಕಿದ "ಮೂಲೆ" ಏಪ್ರಿಲಿನಲ್ಲಿ ಒಣ ನೆಲ, ಜೂನ್ ಕೊನೆಯಲ್ಲಿ ಇನ್ನೂ ನೀರೇ ಮುಟ್ಟಿರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದ ವರ್ಷದಂತೆ, ತುಂಬಿದ ಮೇಲೂ ಮಟ್ಟ ಇದ್ದಕ್ಕಿದ್ದಂತೆ ಇಳಿಯುವುದುಂಟು. ಹಾಗಾಗಿ ಗಡಿಯನ್ನು ನೆಲಕ್ಕಲ್ಲ, ನೀರಿಗೆ ಕಟ್ಟಬೇಕು: ಇಂಥ ಹಳ್ಳದ ಬಾಯಿಯಿಂದ ಇಂಥ ಗುಡ್ಡದ ಮೂಗಿನವರೆಗೆ, ನೀರಿನಂಚಿನಿಂದ ಎದೆಯುದ್ದ ಆಳದವರೆಗೆ, ಅಂಚು ಎಲ್ಲಿದ್ದರೂ ಸರಿ. ಅವಧಿಯನ್ನೂ ಕ್ಯಾಲೆಂಡರ್ ತಾರೀಖಿಗೆ ಕಟ್ಟಬೇಡಿ. ಕೆಂಪು ಹೊಸ ನೀರು ಬಂದು ಮಟ್ಟ ಏರಲು ಶುರುವಾದ ದಿನದಿಂದ 60 ದಿನ ಅಂತ ಬರೆಯಿರಿ. ಆ ದಿನ ಯಾವುದು ಅಂತ ಸಮಿತಿ ಡಂಗುರ ಹಾಕಿಸಲಿ.

ಈ ಚಲಿಸುವ ಅಂಚನ್ನು ಚೆನ್ನಾಗಿ ಬಲ್ಲವರು ಅಲ್ಲಿ ನಡೆದು ಹಿಡಿಯುವ ಹೆಣ್ಣುಮಕ್ಕಳೇ. ನಕ್ಷೆ ಮಾಡುವಾಗ ಗಂಡಸರ ಗುಂಪು, ಹೆಂಗಸರ ಗುಂಪು ಬೇರೆ ಬೇರೆ ಕೂರಿಸಿ. ಒಟ್ಟಿಗೆ ಕೂರಿಸಿದರೆ ಸೀಮೆಸುಣ್ಣ ಗಂಡಸರ ಕೈಯಲ್ಲೇ ಉಳಿಯುತ್ತದೆ. ಅಂಗನವಾಡಿಯ ಅಂಗಳ ಸಾರಿಸಿ, ರಂಗೋಲಿ ಹಿಟ್ಟಿನಲ್ಲಿ ತುಂಬಿದ ಮಟ್ಟ ಒಂದು ಗೆರೆ, ಸಂಕ್ರಾಂತಿಯ ಮಟ್ಟ ಒಂದು, ಯುಗಾದಿಯದು ಒಂದು, ತೀರಾ ಬೇಸಿಗೆಯದು ಒಂದು ಎಳೆಸಿ. ಸೀಗಡಿಗೆ ಜೋಳದ ಕಾಳು, ಜಿಲೇಬಿ ಮೀನಿಗೆ ಹುಣಸೆ ಬೀಜ, ಕೊರವದ ಮರಿಗೆ ಕಡಲೆ. ಯಾವ ಗೆರೆಯ ಹತ್ತಿರ ಯಾವುದು ಸಿಗುತ್ತದೆ ಅಂತ ಅವರೇ ಇಡಲಿ. ಮುಗಿದ ಮೇಲೆ ಮೇಲಿನಿಂದ ಫೋಟೊ ತೆಗೆದು ಎರಡೂ ನಕ್ಷೆ ಪಕ್ಕಪಕ್ಕ ಇಡಿ. ಗಂಡಸರ ನಕ್ಷೆಯಲ್ಲಿ ಅಂಚು ಖಾಲಿ ಇರುತ್ತದೆ, ಹೆಂಗಸರದರಲ್ಲಿ ಆಳ ಖಾಲಿ ಇರುತ್ತದೆ. ಎರಡನ್ನೂ ಸೇರಿಸಿದರೆ ಜಲಾಶಯ.

ಈಗ ಒಂದು ಕಹಿ ಮಾತು. ಸೀರೆಯಲ್ಲಿ ಎತ್ತುವಾಗ ಸೀಗಡಿಯ ಜೊತೆ ಮರಿಯೂ ಬರುತ್ತದೆ, ಬಟ್ಟೆಗೆ ಕಣ್ಣಿಲ್ಲ. ಕೊರವ, ಜಿಲೇಬಿ ಅಂಚಿನಲ್ಲೇ ಮರಿ ಮಾಡುತ್ತವೆ. ಕಟ್ಲಾ, ರೋಹು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಹರಿವ ನೀರಿಗೆ ಏರುತ್ತವೆ. ಆದರೆ ಅವುಗಳ ಮರಿಗಳೂ, ಇಲಾಖೆ ಬಿಡುವ ಬಿತ್ತನೆ ಮರಿಗಳೂ ಮೇಯಲು ಅಂಚಿಗೇ ಬರುತ್ತವೆ. ಆದ್ದರಿಂದ ಹೆಣ್ಣುಮಕ್ಕಳ ಜಾಗ ಅಂತ ಅಂಚನ್ನು ಪೂರ್ತಿ ಬಿಟ್ಟುಬಿಡುವುದು ಸಂರಕ್ಷಣೆ ಆಗುವುದಿಲ್ಲ. ಅಂಚಿನ ಅರ್ಧ ಮಾತ್ರ ಮುಚ್ಚಿ, ಉಳಿದರ್ಧದಲ್ಲಿ ಬಟ್ಟೆಯ ಬದಲು ಕಣ್ಣಿರುವ ಕೈಬಲೆ. ಎತ್ತಿದ್ದನ್ನು ದಂಡೆಗೆ ತಂದು ಸುರಿದು ಆಯುವ ಬದಲು ನೀರಿನಲ್ಲೇ ಬೋಗುಣಿಯಲ್ಲಿ ಆಯಿದು ಬೆರಳುದ್ದದ ಕಟ್ಲಾ, ರೋಹು ಮರಿ ಬದುಕಿದ್ದಾಗಲೇ ಬಿಡಬಹುದು. ಮರಿ ಗುರುತಿಸುವುದು ಸುಲಭ. ಕಟ್ಲಾದ್ದು ದೊಡ್ಡ ತಲೆ, ಮೇಲ್ಮುಖದ ಬಾಯಿ. ರೋಹುವಿಗೆ ಸಣ್ಣ ತಲೆ, ಕೆಳಬಾಯಿ, ಅಂಚು ಕುಚ್ಚು ಕುಚ್ಚಾದ ದಪ್ಪ ತುಟಿ. ಅದೇ ಹೊತ್ತಿಗೆ ಆಳದ ನೀರಿನ ಸಣ್ಣ ಕಣ್ಣಿನ ಬೇರೆ ಬಲೆಗಳಿಗೂ ಅಷ್ಟೇ ದಿನ ನಿಷೇಧ ಇರಲೇಬೇಕು, ಅಲವಿಗಂತೂ ವರ್ಷವಿಡೀ. ಒಂದು ಅಲವಿ ಬಲೆ ಒಂದು ಎಳೆತಕ್ಕೆ ತರುವ ಮರಿಗೆ ಎಷ್ಟು ಸೀರೆ ಸೇರಿದರೂ ಸಾಟಿಯಿಲ್ಲ.

ಲೆಕ್ಕದ ಪುಸ್ತಕ: 10 ಮನೆ, ವಾರಕ್ಕೆ ಎರಡು ದಿನ, ಅದರಲ್ಲಿ ಒಂದು ಸಂತೆಯ ಹಿಂದಿನ ದಿನ. ಯಾರು ಹಿಡಿದದ್ದು, ಎಲ್ಲಿ (ಅಂಚು, ನಡು, ಆಳ), ಯಾವ ಸಾಮಾನು, ಯಾವ ಮೀನು, ತೂಕ, ಮನೆಗೆ ಎಷ್ಟು, ಮಾರಿದ್ದು ಎಷ್ಟು. "ಮನೆಗೆ ಎಷ್ಟು" ಎಂಬ ಕಾಲಂ ಬಿಟ್ಟರೆ ಹೆಣ್ಣುಮಕ್ಕಳ ಹಿಡಿತದ ದೊಡ್ಡ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಒಣ ಮೀನು ಇದ್ದರೆ ಒಣ ಎಂದೇ ಬರೆಯಿರಿ. ಸಣ್ಣ ಮೀನಿನಲ್ಲಿ 1 ಕೆ.ಜಿ ಒಣಗಿದ್ದು ಸುಮಾರು 3ರಿಂದ 4 ಕೆ.ಜಿ ಹಸಿ ಮೀನಿಗೆ ಸಮ. ಒಣ ತೂಕವನ್ನೇ ಹಸಿ ಅಂತ ಕೂಡಿಸಿದರೆ ಅವರ ದುಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ.

ಹಿನ್ನೀರು, ಕೊಪ್ಪಳ

ಅಂಚಿನ ಅರ್ಧ ಮಾತ್ರ, ನೀರು ಏರಿದ ದಿನದಿಂದ 60 ದಿನ ಎನ್ನುವುದು ಎಲ್ಲರೂ ಒಪ್ಪುವ ಮಾತು ಅನಿಸುತ್ತದೆ. ಸಂಘದ ಗಂಡಸರ ಕಡೆಯಿಂದ ಬರುವ ಪ್ರಶ್ನೆ ಬೇರೆ. ಮನೆಗೆ ಇಬ್ಬರು ಸದಸ್ಯರಾದರೆ ಸರಕಾರದ ಸವಲತ್ತು ಒಬ್ಬರಿಗೇ ಎರಡು ಸಲ ಹೋದಂತಲ್ಲವೇ ಅಂತ. ಮುಚ್ಚಿದ ತಿಂಗಳಿಗೆ ದುಡ್ಡು ಎಲ್ಲಿಂದ? ಕಾವಲು ಯಾರು? ರಾತ್ರಿ ಕಾವಲಿಗೆ ಹೆಣ್ಣುಮಕ್ಕಳು ಬರುವುದು ಕಷ್ಟ, ಹಾಗಾಗಿ ಕಾವಲಿನ ಭತ್ಯೆ ಪೂರ್ತಿ ಗಂಡಸರಿಗೆ ಅಂತ ಕರಡಿನಲ್ಲಿದೆ.

ಸಹಕಾರಿ, ರಾಯಚೂರು

ಸವಲತ್ತು ಬ್ಯಾರೆ, ಸದಸ್ಯತ್ವ ಬ್ಯಾರೆ ಅಂತ ಬಿಡಿಸಿ ಹೇಳ್ರಿ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯೊಳಗ ಮೀನು ಹಿಡಿಯೋ ನಿಷೇಧದ, ಇಲ್ಲಾ ಬಡತಿಂಗಳ (ಮೀನು ಕಡಿಮಿ ಸಿಗೋ ಕಾಲದ) ಜೀವನೋಪಾಯದ ನೆರವು ಐತಿ: ಸರಕಾರದ್ದು 3,000, ಫಲಾನುಭವಿ ತಾನು ಕೂಡಿಸಿಟ್ಟದ್ದು 1,500, ಒಟ್ಟು 4,500 ರೂಪಾಯಿ ಮೂರು ತಿಂಗಳಿಗೆ. ಅದು ಕುಟುಂಬಕ್ಕ. ಇಬ್ಬರು ಸದಸ್ಯರಾದ್ರೂ ಎರಡು ಸಲ ಬರಂಗಿಲ್ಲ, ಹಂಗಾಗಿ ಗಂಡಸರ ಅಂಜಿಕೆಗೆ ಆಧಾರ ಇಲ್ಲ. ಆದ್ರ ವಿಧವೆಯರ ಮನಿ, ಗಂಡ ಬೆಂಗಳೂರಿಗೆ ದುಡಿಯಾಕ ಹೋದ ಮನಿ ನೋಡ್ರಿ. ಆಕಿ ಸದಸ್ಯಳಲ್ಲ ಅಂದ್ರ ಆ ಮನಿ ಪಟ್ಟಿಯಾಗ ಇಲ್ಲ. ಅಂಚಿನ ನೀರು ಮುಚ್ಚಿದಾಗ ಎಲ್ಲರಿಗಿಂತ ಮೊದಲ ಹೊಟ್ಟಿಗೆ ಪೆಟ್ಟು ಬೀಳೂದು ಆ ಮನಿಗೇ. ಸಭೆಯೊಳಗ ಅಂಥ ಮನಿ ಎಷ್ಟದಾವ ಅಂತ ಎಣಿಸಿ ಹೇಳ್ರಿ, ಮಾತು ಅಲ್ಲೇ ತಿರುಗತೈತಿ.

ಅದೇ ಯೋಜನೆಯೊಳಗ ಸಾಮಾನ್ಯ ವರ್ಗಕ್ಕ 40, ಮಹಿಳೆಯರಿಗೆ, ಪರಿಶಿಷ್ಟರಿಗೆ 60 ಪರ್ಸೆಂಟ್ ಸಬ್ಸಿಡಿ. ಐಸ್ ಬಾಕ್ಸ್ ಕೂಡಿದ ಬೈಕಿಗೆ ಘಟಕ ವೆಚ್ಚ 75,000 ಅಂತ ಹಿಡಿದ್ರ ಆಕಿಗೆ 45,000 ಸಿಗತೈತಿ. ಅರ್ಜಿ ಹಾಕೂ ಮುಂಚೆ ಆ ವರ್ಷಕ್ಕ ಯೋಜನೆ ಚಾಲ್ತಿ ಐತೋ, ಅನುದಾನ ಉಳದೈತೋ ಅಂತ ತಾಲ್ಲೂಕಿನ ಮೀನುಗಾರಿಕೆ ಆಫೀಸಿನ್ಯಾಗ ಕೇಳ್ರಿ. ಇಲ್ಲೊಂದು ತಿರುವು ಐತಿ: 60ರ ಆಶೆಗೆ ಅರ್ಜಿ ಆಕಿ ಹೆಸರಿಲೆ, ಗಾಡಿ ಮಗಂದೋ ಗಂಡಂದೋ, ಸಾಲದ ಕಂತು ಮಾತ್ರ ಆಕಿ ಖಾತೆದಾಗ. ಡ್ರೈವಿಂಗ್ ಲೈಸೆನ್ಸ್ ಇಲ್ದಾಕಿಗೆ ಬೈಕಿಗಿಂತ ಒಣಗಿಸೋ ಚಪ್ಪರ, ದೊಡ್ಡ ಐಸ್ ಪೆಟ್ಟಿಗಿ, ತಕ್ಕಡಿ ಚಲೋ. ಆಕಿನ್ನ ಕೇಳಿ ಬರೀರಿ.

ಇನ್ನ ಸಭೆ. ಗುಡಿ ಕಟ್ಟಿ ಮ್ಯಾಲೆ ರಾತ್ರಿ ಒಂಬತ್ತಕ್ಕ ಸಭೆ ಇಟ್ಟು "ಬರಂಗಿಲ್ಲ ಅಂತಾರ್ರೀ" ಅಂದ್ರ ಹೆಂಗ? ನಸಿಕಿನಾಗ ಬಲೆ ಬಿಡಿಸೂದು, ಆಮ್ಯಾಲೆ ಮಾರಾಟ, ಸಂಜಿಗೆ ಒಲಿ. ಮಧ್ಯಾಹ್ನ ಎರಡರಿಂದ ನಾಕರೊಳಗ, ಸಂತಿ ಇಲ್ಲದ ದಿನ, ಅಂಗನವಾಡಿ ಇಲ್ಲಾ ಸ್ತ್ರೀಶಕ್ತಿ ಸಂಘದ ಖೋಲಿಯೊಳಗ ಇಡ್ರಿ. ನೋಟೀಸ್ ಏಳು ದಿನ ಮುಂಚೆ, ಮನಿಗೆ ಒಂದಲ್ಲ, ಸದಸ್ಯರಿಗೆ ಒಂದು. ಓದಾಕ ಬರದವರಿಗೆ ಫೋನಿನ್ಯಾಗ ದನಿ ಕಳಿಸ್ರಿ.

ಕಡಲಂಚು, ಕಾರವಾರ

ಕಾವಲಿನ ವಿಷಯದಲ್ಲಿ ಎರಡು ತಪ್ಪು ಸಾಮಾನ್ಯ. ಒಂದು ನಿಮ್ಮ ಕರಡಿನದು: ರಾತ್ರಿ ದೋಣಿಯಲ್ಲಿ ಸುತ್ತುವುದಷ್ಟೇ ಕಾವಲು ಅಂತ ತಿಳಿದು ದುಡ್ಡೆಲ್ಲ ಅಲ್ಲಿಗೆ ಇಡುವುದು. ಇನ್ನೊಂದು ಅದರ ವಿರುದ್ಧದ್ದು: ಹೆಣ್ಣುಮಕ್ಕಳನ್ನು ಸೇರಿಸಿಕೊಂಡೆವು ಅಂತ ದಂಡೆ ಗುಡಿಸುವುದು, ಪ್ಲಾಸ್ಟಿಕ್ ಆಯುವುದು, ಸಭೆಗೆ ಚಹಾ ಮಾಡುವುದು, ಲೆಕ್ಕ ಬರೆಯುವುದು ಎಲ್ಲ ಬಿಟ್ಟಿ ಅವರಿಗೆ ಹೊರಿಸುವುದು. ಸಂರಕ್ಷಣೆಯ ಹೆಸರಿನಲ್ಲಿ ಅವರ ದಿನಕ್ಕೆ ಎರಡು ತಾಸಿನ ಸಂಬಳವಿಲ್ಲದ ಕೆಲಸ ಕೂಡಿದರೆ ಅದು ಸಮಾನತೆ ಆಗುವುದಿಲ್ಲ.

ಕಾವಲನ್ನು ಮೂರು ಕಡೆಗೆ ಹಂಚಿ. ನೀರಿನ ಮೇಲೆ ರಾತ್ರಿ. ದಂಡೆಯಲ್ಲಿ ನಸುಕಿಗೆ ಹರಿಗೋಲು ಇಳಿಯುವಾಗ. ಸಂತೆಯಲ್ಲಿ ಬುಟ್ಟಿ ಬಿಚ್ಚುವಾಗ. ಮುಚ್ಚಿದ ಕಾಲದಲ್ಲಿ ಬೆರಳುದ್ದದ ಮರಿ ಎಲ್ಲಿಂದ ಬಂತು ಅಂತ ಮೊದಲು ಗೊತ್ತಾಗುವುದು ಸಂತೆಯಲ್ಲಿ ಪಕ್ಕ ಕೂತು ಮಾರುವವರಿಗೆ. ದಂಡೆ, ಸಂತೆ ಎರಡಕ್ಕೂ ನೀರಿನ ಕಾವಲಿನಷ್ಟೇ ತಾಸಿನ ಭತ್ಯೆ ಇಡಿ. ಒಂದು ಎಚ್ಚರಿಕೆಯೂ ಇದೆ. ನೆರೆಮನೆಯವನ ಮೇಲೆ ದೂರು ಹೇಳಿದ ಹೆಣ್ಣುಮಗಳಿಗೆ ಊರಲ್ಲಿ ಬದುಕುವುದು ಕಷ್ಟವಾಗಬಾರದು. ಹಾಗಾಗಿ ದೂರು ಒಬ್ಬರ ಹೆಸರಿನಲ್ಲಿ ಬೇಡ, ಆ ದಿನದ ತಂಡದ ಹೆಸರಿನಲ್ಲಿ ದಾಖಲಾಗಲಿ, ಬಲೆ ವಶಕ್ಕೆ ಪಡೆಯುವುದು ಇಲಾಖೆಯವರ ಕೆಲಸ. ದಂಡದ ದುಡ್ಡು ಬಂದರೆ ಎಲ್ಲಿಗೆ ಹೋಗುತ್ತದೆ ಅಂತಲೂ ಈಗಲೇ ಬರೆಯಿರಿ. ಇಲ್ಲದಿದ್ದರೆ ಮೊದಲ ದಂಡ ಬಂದ ದಿನವೇ ಸಮಿತಿ ಒಡೆಯುತ್ತದೆ. ಮುಚ್ಚಿದ ಅಂಚಿನಲ್ಲಿ ಹಿಡಿಯುತ್ತಿದ್ದ ಮನೆಗಳಿಗೆ ಅದರಲ್ಲಿ ಮೊದಲ ಪಾಲು ಇರಲಿ.

ಹಿನ್ನೀರು, ಕೊಪ್ಪಳ

ಎಲ್ಲರಿಗೂ ಶರಣು. ತಿದ್ದಿದ ಕಲಂಗಳು ಹೀಗಿವೆ, ತಪ್ಪಿದ್ದರೆ ಹೇಳಿ:

ಕಲಂ 3. ಮೀನು ಹಿಡಿಯುವುದು, ಬಲೆ ಹೆಣೆಯುವುದು ಮತ್ತು ದುರಸ್ತಿ, ಆಯುವುದು, ಒಣಗಿಸುವುದು, ಮಾರುವುದು ಇವುಗಳಲ್ಲಿ ಯಾವುದಾದರೂ ಒಂದನ್ನು ಕಸುಬಾಗಿ ಮಾಡುವ, 18 ವರ್ಷ ತುಂಬಿದ, ಕುಟುಂಬದ ಮುಖ್ಯಸ್ಥರ ಒಪ್ಪಿಗೆ ಇರುವ ಯಾರೇ ಆಗಲಿ ಸದಸ್ಯರಾಗಬಹುದು.

ಕಲಂ 7. ಸಮಿತಿಯ 11 ಜನರಲ್ಲಿ 4ಕ್ಕೆ ಕಡಿಮೆಯಿಲ್ಲದೆ ಮಹಿಳೆಯರು, ಅವರಲ್ಲಿ ಇಬ್ಬರಾದರೂ ಅಂಚಿನ ನೀರಿನಲ್ಲಿ ಹಿಡಿಯುವವರು. ಮಹಿಳಾ ಸದಸ್ಯರಲ್ಲಿ ಅರ್ಧದಷ್ಟು ಹಾಜರಿಲ್ಲದಿದ್ದರೆ ಸಭೆ ನಡೆದಂತಲ್ಲ.

ಕಲಂ 12. ಹೊಸ ನೀರಿನಿಂದ ಮಟ್ಟ ಏರಲು ಶುರುವಾದ ದಿನದಿಂದ 60 ದಿನ, ಗುರುತಿಸಿದ ಹಳ್ಳದ ಬಾಯಿಯಿಂದ ಗುಡ್ಡದ ಮೂಗಿನವರೆಗಿನ ಅಂಚಿನ ಅರ್ಧಭಾಗದಲ್ಲಿ, ಎದೆಯುದ್ದ ಆಳದವರೆಗೆ ಮೀನು ಹಿಡಿಯುವಂತಿಲ್ಲ. ಅದೇ 60 ದಿನ ಜಲಾಶಯದ ನಮ್ಮ ಭಾಗದಲ್ಲೆಲ್ಲೂ ಸಣ್ಣ ಕಣ್ಣಿನ ಯಾವ ಬಲೆಯನ್ನೂ ಬಿಡುವಂತಿಲ್ಲ; ಸಣ್ಣ ಕಣ್ಣಿನ ಅಲವಿ ಬಲೆಯನ್ನು ವರ್ಷವಿಡೀ ಬಿಡುವಂತಿಲ್ಲ. ತೆರೆದ ಮೊದಲ 7 ದಿನ ಆ ಅಂಚು ನಡೆದು ಹಿಡಿಯುವವರಿಗೆ ಮಾತ್ರ.

ಸಹಕಾರಿ, ರಾಯಚೂರು

ಕಲಂ 3ರಾಗ "ಕುಟುಂಬದ ಮುಖ್ಯಸ್ಥರ ಒಪ್ಪಿಗೆ ಇರುವ" ಅನ್ನೂ ನಾಕು ಪದ ಯಾರು ಸೇರಿಸಿದ್ರು? ಅವನ್ನ ತಗದು ನೋಂದಣಿಗೆ ಕೊಡ್ರಿ. ಅವು ಉಳಿದ್ರ ಕಲಂ 7ಕ್ಕ ಮತ್ತ ಅದೇ ಇಬ್ಬರು ಬರ್ತಾರ.